ಭಾವ ಬರೆದ ಎನ್‌ಒಸಿ

ನಮ್ಮ ಭಾವನಿಗಿಂತ ನಿಷ್ಠಾವಂತ ಮನುಷ್ಯ ಇಡೀ ಬಹರೈನಿನಲ್ಲಿ ಇದ್ದರೆ ತೋರಿಸಿ, ಮ್ಯೂಸಿಯಮ್ಮಿನಲ್ಲಿ ಕೂರಿಸೋಣ! ಅಕ್ಕನ ಈ ಯಜಮಾನರು ಸಿತ್ರಾದ ಒಂದೇ ಕಾರ್ಖಾನೆಯಲ್ಲಿ ಇಪ್ಪತ್ತೇಳು ವರ್ಷ ಕಳೆದಿದ್ದಾರೆ. ಕಂಪನಿ ಬಸ್ಸು ಬದಲಾಯಿತು, ಡ್ರೈವರ್ ಬದಲಾದ, ಭಾವ ಕೂರುವ ಮೂರನೇ ಸೀಟು ಮಾತ್ರ ಅದೇ. ಕ್ಷೌರಕ್ಕೆ ಮುಹರ್ರಕ್‌ನ ಒಬ್ಬ ಮುದುಕನ ಅಂಗಡಿ. ಆತನಿಗೆ ಈಗ ಒಂದು ಕಣ್ಣು ಕಾಣುವುದಿಲ್ಲ. ಹಾಗಾಗಿ ಭಾವನ ಮೀಸೆ ಎಡಗಡೆ ದಪ್ಪ, ಬಲಗಡೆ ತೆಳು! "ಬೇರೆ ಕಡೆ ಹೋಗಿ ಭಾವ" ಅಂದರೆ, "ಅವನಿಗೆ ಬೇಜಾರಾಗ್ತದೆ ಮಾರಾಯ" ಎನ್ನುತ್ತಾರೆ.

ಇಂಥವರ ಮಗಳು ಅಮೆರಿಕದ ಕಾಲೇಜೊಂದರ ವಾಲಿಬಾಲ್ ತಂಡಕ್ಕೆ ಆಯ್ಕೆಯಾದಳು. ತಂಡದ ಬಣ್ಣ ಹಳದಿ. ಶುರುವಾಯಿತು ನೋಡಿ! ಹಳದಿ ಜೆರ್ಸಿ, ಹಳದಿ ಟೋಪಿ, ಕಾರಿಗೆ ಹಳದಿ ಸೀಟ್ ಕವರ್. ಶುಕ್ರವಾರ ಬೆಳಿಗ್ಗೆ ಪಂದ್ಯದ ರೆಕಾರ್ಡಿಂಗ್ ನೋಡುವಾಗ ಅಕ್ಕ ಬೇರೆ ಬಣ್ಣದ ನೈಟಿಯಲ್ಲಿ ಹಾಲ್‌ಗೆ ಬರುವಂತಿಲ್ಲ. ಎರಡು ವರ್ಷ ಹೀಗೆ ನೋಡಿದೆವು. ಹುಡುಗಿ ಬೆಂಚಿನಿಂದ ಎದ್ದದ್ದು ಉಳಿದವರಿಗೆ ನೀರಿನ ಬಾಟಲಿ ಕೊಡಲು ಮಾತ್ರ!

ಒಂದು ಶುಕ್ರವಾರ ಅವಳ ಫೋನು ಬಂತು. ನಾನೂ ಅಲ್ಲೇ ಇದ್ದೆ.

"ಅಪ್ಪಾ, ನಾನು ಬೇರೆ ಕಾಲೇಜಿಗೆ ಹೋಗ್ತೇನೆ. ಅಲ್ಲಿ ನಂಗೆ ಆಡ್ಲಿಕ್ಕೆ ಸಿಗ್ತದೆ."

ಭಾವನ ಚಹಾ ಹಳದಿ ಜೆರ್ಸಿಯ ಮೇಲೆ ಚೆಲ್ಲಿತು. "ಈ ಕಾಲೇಜಿನವರು ರಿಲೀಸ್ ಲೆಟರ್ ಕೊಟ್ರಾ?"

"ಅದು ಬೇಡ ಅಪ್ಪ. ಈಗ ರೂಲ್ಸ್ ಸಡಿಲ ಆಗಿದೆ. ಆನ್‌ಲೈನ್‌ನಲ್ಲಿ ಹೆಸರು ಹಾಕಿದ್ರೆ ಆಯ್ತು."

"ಮತ್ತೆ ಬ್ಯಾನು?"

"ಮೊದ್ಲು ಒಂದು ವರ್ಷ ಆಡದೆ ಕೂತ್ಕೊಳ್ಬೇಕಿತ್ತು. ಈಗ ಅದೂ ಇಲ್ಲ."

"ಎಂತದ್ದು!" ಎಂದು ಭಾವ ಸೋಫಾದ ಮೇಲೆ ಕುಸಿದರು. ಗಲ್ಫಿನಲ್ಲಿ ನೆರೆತ ತಲೆ ಅದು. ಅವರ ಕಾಲದಲ್ಲಿ ಹಳೆಯ ಕಂಪನಿ ರಿಲೀಸ್ ಲೆಟರ್ ಕೊಡದೆ ಹೊಸ ಕಂಪನಿಗೆ ಕಾಲಿಟ್ಟರೆ ಬ್ಯಾನು, ನೇರ ಊರಿಗೆ ಟಿಕೆಟ್!

"ಬುಧವಾರ ಲಾಸ್ಟ್ ಡೇಟ್ ಅಪ್ಪ. ನೀವು ಹೂಂ ಹೇಳದೆ ನಾನು ಹೆಸರು ಹಾಕುದಿಲ್ಲ" ಎಂದು ಹುಡುಗಿ ಫೋನಿಟ್ಟಳು.

ಭಾವ ಏನು ಮಾಡಿದರು ಗೊತ್ತೇ? ಅವಳ ಕೋಚಿಗೇ ಇಮೇಲ್ ಬರೆದರು! ಮಗಳಿಂದಾದ ತೊಂದರೆಗೆ ಕ್ಷಮೆ ಇರಲಿ, ಆಕ್ಷೇಪಣೆ ಇಲ್ಲವೆಂದು ಒಂದು ಎನ್‌ಒಸಿ ದಯಪಾಲಿಸಬೇಕು, ಮೊಹರು ಮರೆಯಬಾರದು! ಮರುದಿನವೇ ಆ ಮಹಾತಾಯಿಯ ಉತ್ತರ ಬಂತು. ಪತ್ರವೇನೂ ಬೇಕಿಲ್ಲ, ಈ ಸಲ ಐದು ಹುಡುಗಿಯರು ಹೋಗುತ್ತಿದ್ದಾರೆ, ಆರು ಮಂದಿ ಹೊಸಬರು ಬರುತ್ತಿದ್ದಾರೆ, ಅಂದ ಹಾಗೆ ಮುಂದಿನ ವಾರ ತಾನೂ ಬೇರೆ ಕಾಲೇಜಿಗೆ!

"ಕೋಚೂ ಹೊರಟಳಂತೆ ಮಾರಾಯ! ಹಾಗಾದ್ರೆ ಆ ಕಾಲೇಜಲ್ಲಿ ಉಳಿದದ್ದು ಯಾರು?"

"ನೀವೊಬ್ಬರೇ ಭಾವ" ಎಂದೆ.

ಅವರು ನಗಲಿಲ್ಲ. ಒಳಗೆ ಹೋಗಿ ಒಂದು ಹಳೆಯ ಫೈಲು ತಂದು ನನ್ನ ಮುಂದಿಟ್ಟರು. ಹತ್ತೊಂಬತ್ತು ವರ್ಷದ ಹಿಂದೆ ಬೇರೊಂದು ಕಂಪನಿ ದೊಡ್ಡ ಹುದ್ದೆಗೆ ಕರೆದಾಗ, ಬಿಡುಗಡೆ ಕೋರಿ ಅವರು ಬರೆದ ಅರ್ಜಿ. ಅದರ ಮೇಲೆ ಅಡ್ಡಡ್ಡ ಕೆಂಪು ಶಾಯಿ: ಆಗುವುದಿಲ್ಲ.

"ಮೂರು ಸಲ ಕೇಳಿದೆ. ಬಿಡ್ಲಿಲ್ಲ. ನೀವೆಲ್ಲ ನಿಷ್ಠೆ ನಿಷ್ಠೆ ಅಂತ ತಮಾಷೆ ಮಾಡುವಾಗ, ಹಾಗೇ ಇರ್ಲಿ ಅಂತ ಸುಮ್ಮನಾದೆ."

ಇಷ್ಟು ವರ್ಷ ನಗಾಡಿದ ನನಗೆ ಎಲ್ಲಿಲ್ಲದ ನಾಚಿಕೆಯಾಯಿತು. ಭಾವ ಒಂದು ಬಿಳಿ ಹಾಳೆ ತೆಗೆದು, ಬಾಯಿಪಾಠವಾಗಿದ್ದ ಒಕ್ಕಣೆಯಲ್ಲೇ ಬರೆದರು: 'ಈ ಪತ್ರ ಹೊಂದಿರುವವಳು ನನ್ನ ಮಗಳು. ಅವಳು ಎಲ್ಲಿಗೆ ಬೇಕಾದರೂ ಹೋಗಿ ಆಡುವುದಕ್ಕೆ ನನ್ನ ಆಕ್ಷೇಪಣೆ ಏನೂ ಇಲ್ಲ.' ಕೆಳಗೆ ಸಹಿ, ದಿನಾಂಕ. ಮೊಹರಿಲ್ಲವಲ್ಲ ಎಂದು ಸ್ವಲ್ಪ ಹೊತ್ತು ಪೇಚಾಡಿ, ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿದರು.

"ಫೋಟೊ ತೆಗೆದು ಅವಳಿಗೆ ಕಳಿಸು" ಎಂದರು. ನನ್ನ ಕಣ್ಣು ಮಂಜಾಗಿ, ಮೂರು ಸಲ ತೆಗೆಯಬೇಕಾಯಿತು.