ಕೋಲು ಹಿಡಿದ ಪದವೀಧರ

ಓದಿದವನಿಗೆ ಒಂದು ಕೆಟ್ಟ ಚಟ ಅಂಟಿಕೊಳ್ಳುತ್ತದೆ: ಓದದವರನ್ನು ಸುಧಾರಿಸುವುದು. ನಮ್ಮ ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲಿಗ ನಾನೇ. ಇಂಗ್ಲಿಷ್ ಪೇಪರು ಮೂರು ಸಲ ನನ್ನನ್ನು ಕೆಡವಿತು. ನಾಲ್ಕನೆಯ ಸಲ ತಾನೇ ದಣಿದು ಬಿಟ್ಟುಕೊಟ್ಟಿತು. ಈಗ ಹೈಸ್ಕೂಲಿನಲ್ಲಿ ಗುಮಾಸ್ತ. ಇಷ್ಟು ಕಷ್ಟಪಟ್ಟು ಗಳಿಸಿದ ವಿದ್ಯೆಯನ್ನು ಯಾರ ಮೇಲಾದರೂ ಪ್ರಯೋಗಿಸಬೇಕಲ್ಲ, ಕೈಗೆ ಸಿಕ್ಕವರು ದಸ್ತಗೀರ ಕಾಕಾ.

ಕಾಕಾ ನನ್ನ ಅಪ್ಪನ ತಮ್ಮ, ಯರಗುಪ್ಪಿಯ ಮದುವೆ ಬ್ಯಾಂಡಿನ ಮಾಸ್ತರರು. ಕ್ಲಾರಿಯೊನೆಟ್ ಊದುತ್ತಲೇ ಹುಬ್ಬು ಹಾರಿಸಿ ಒಂಬತ್ತು ಜನರನ್ನು ನಡೆಸುವವರು. ಈಗ ಅವರ ಎದೆಯ ಮೇಲೆ ಡಿಜೆ ಬಂದು ಕುಳಿತಿದೆ. ಕುಬಿಹಾಳದ ಗೌಡರು ಮಗನ ಮದುವೆಗೆ ಕರೆಯುವಾಗಲೇ ಹೇಳಿದ್ದರು: "ಮಾಸ್ತರ, ಈ ಸಲ ಮಂದಿ ಕುಣೀಬೇಕ ನೋಡ್ರಿ. ಇಲ್ಲಂದ್ರ ಮುಂದಿನ ತಿಂಗಳ ನನ್ನ ತಮ್ಮನ ಮಗಳ ಮದುವಿಗೆ ಡಿಜೆನ." ಕುಬಿಹಾಳ ಕೈಬಿಟ್ಟರೆ ಸುತ್ತಲಿನ ಊರುಗಳೂ ಬಿಡುತ್ತವೆ ಎಂದು ಕಾಕಾ ಎರಡು ದಿನ ಸರಿಯಾಗಿ ಉಣ್ಣಲಿಲ್ಲ.

ಅದೇ ಹೊತ್ತಿಗೆ ನಾನು ಮೊಬೈಲಿನಲ್ಲಿ ಇಂಗ್ಲೆಂಡಿನ ಹಳೆಯ ಕಾಲದ ಒಬ್ಬ ಡಾನ್ಸ್ ಬ್ಯಾಂಡ್ ಯಜಮಾನನ ಕಥೆ ಓದಿದೆ. ಸಣ್ಣ ಹೋಟೆಲಿನಲ್ಲಿ ಪಿಟೀಲು ಬಾರಿಸುತ್ತ ಶುರು ಮಾಡಿದವನು. ಆಮೇಲೆ ದೊಡ್ಡ ಹೋಟೆಲಿನ ಡಾನ್ಸ್ ಹಾಲು, ಅಲ್ಲಿಂದ ರೇಡಿಯೊ, ಮನೆಮನೆಗೂ ಹೆಸರು. ಕಪ್ಪು ಕೋಟು, ಎಣ್ಣೆ ಹಚ್ಚಿ ಮಿಂಚುವ ತಲೆ, ಕೈಯಲ್ಲಿ ತೆಳ್ಳನೆಯ ಕೋಲು. ಕೊನೆಗೆ ಗಿಟಾರಿನ ಹುಡುಗರು ಬಂದು ಅವನನ್ನು ಮನೆಗೆ ಕಳಿಸಿದರಂತೆ. ಆ ಭಾಗವನ್ನು ಕಾಕಾಗೆ ಓದಿ ಹೇಳಲಿಲ್ಲ.

"ಅಂವ ಏನ ಊದತಿದ್ದಾ?" ಎಂದರು ಕಾಕಾ.

"ಏನೂ ಇಲ್ಲ. ಬ್ಯಾಂಡಿನ ಮುಂದ ನಿಂತು ಬರೇ ಕೋಲು ಆಡಸ್ತಿದ್ದ."

"ಊದದ ಯಜಮಾನ ಆದ್ನಾ? ಹಂತಾವ್ರು ನಮ್ಮೂರಾಗೂ ಭಾಳ ಮಂದಿ ಅದಾರ ಬಿಡಲೇ."

ನಮ್ಮ ಬ್ಯಾಂಡಿನ ಮುಂದೆಯೂ ಹಾಗೆ ಒಬ್ಬ ನಿಂತರೆ ಮಂದಿ ಕುಣಿಯುತ್ತಾರೆ ಎಂದೆ. ಡಿಜೆಯ ಭಯ ದೊಡ್ಡದು. "ಕಲತಾಂವ ಅದೀ, ನೀನ ಹಿಡಿ ಕೋಲು," ಎಂದು ಒಪ್ಪಿದರು.

ಮೆರವಣಿಗೆ ಕುಬಿಹಾಳದ ಅಗಸಿ ಬಾಗಿಲ ಮುಂದೆ ನಿಂತಿತು. ಬ್ಯಾಂಡಿನವರು ಮದುಮಗನ ಜೀಪಿಗೆ ಮುಖ ಮಾಡಿ ಸಾಲಾಗಿ ನಿಂತರು. ನಡುವೆ ನಾನು, ನನ್ನ ಮದುವೆಯ ಕೋಟು ತೊಟ್ಟು, ಬ್ಯಾಂಡಿನ ಕಡೆ ತಿರುಗಿ ಕೋಲು ಎತ್ತಿದೆ. ಹಿಂದಿನಿಂದ ಮದುಮಗನ ಸೋದರತ್ತೆಯ ದನಿ ಬಂತು: "ಯಾರಲೇ ಅಂವಾ, ಮದುಮಗಗ ಬೆನ್ನ ತೋರಿಸಿ ನಿಂತಾಂವ? ತಿರಗಲೇ ಈ ಕಡಿ!"

ತಿರುಗಿದೆ. ಈಗ ಬ್ಯಾಂಡು ಬೆನ್ನ ಹಿಂದೆ, ಎದುರಿಗೆ ಇಡೀ ಕುಬಿಹಾಳ. ಎತ್ತಿದ ಕೋಲನ್ನು ಇಳಿಸಲು ನಾಚಿಕೆಯಾಗಿ ಬೀಸಿದೆ. ಹಿಂದೆ ಬ್ಯಾಂಡು ಶುರುವಾಯಿತು. ಕೋಲು ಎಡಕ್ಕೆ ಹೋದರೆ ಸೊಂಟವೂ ಎಡಕ್ಕೆ ಹೋಗುತ್ತಿತ್ತೆಂದು ಆಮೇಲೆ ವಿಡಿಯೊ ನೋಡಿ ತಿಳಿಯಿತು. "ಅಗದಿ ಚೊಲೋ ಕುಣೀತಾನ ಬೇ ಇಂವಾ!" ಎಂದು ಅದೇ ಸೋದರತ್ತೆ ಸೆರಗು ಸಿಕ್ಕಿಸಿ ಕುಣಿಯಲು ಇಳಿದರು. ಹಿಂದೆ ಊರೇ ಇಳಿಯಿತು. ಮದುಮಗ ಜೀಪಿನಿಂದ ಜಿಗಿದ.

ಊಟದ ಪಂಕ್ತಿಯಲ್ಲಿ ಡೋಲಿನ ಮೌಲಾನನ್ನು ಕೇಳಿದೆ: "ನನ್ನ ಕೋಲು ನೋಡಿ ಬಾರಸಾಕ ಸಲೀಸಾತಿಲ್ಲೋ?"

"ಯಾವ ಕೋಲ್ರಿ?" ಎಂದ ಅವನು, ಹೋಳಿಗೆ ಮುರಿಯುತ್ತ.

ಅಷ್ಟರಲ್ಲಿ ಗೌಡರು ಬಂದರು. "ಮಾಸ್ತರ, ತಮ್ಮನ ಮಗಳ ಮದುವಿಗೂ ನೀವ ಬರ್ರಿ. ಆದ್ರ ಆ ಕೋಟಿನ ಕುಣಿಯಾಂವನ್ನ ಬಿಟ್ಟು ಬರಬ್ಯಾಡ್ರಿ ಮತ್ತ."

"ಬಿಡೂದ ಹೆಂಗ್ರೀ, ಅಂವ ಮನಿ ಹುಡುಗನ," ಎಂದರು ಕಾಕಾ. ಎರಡು ದಿನದ ಊಟವನ್ನು ಅಂದು ಒಂದೇ ಸಲಕ್ಕೆ ಉಂಡರು.

ಆ ಮದುವೆ ಬೀಳುವುದು ಶಾಲೆಯ ದಿನ. ಶಾಲೆಯ ಮಾಸ್ತರರ ರಜೆ ಅರ್ಜಿಗಳನ್ನು "ಕಾರಣ ಸ್ಪಷ್ಟವಿಲ್ಲ" ಎಂದು ಹಿಂದಿರುಗಿಸುವ ಗುಮಾಸ್ತ ನಾನೇ. ನನ್ನ ಅರ್ಜಿಯನ್ನು ಮೂರು ದಿನದಿಂದ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಕಾರಣದ ಜಾಗ ಇನ್ನೂ ಖಾಲಿಯಿದೆ.