ಗೋಡೆಗೆ ತಾಗದ ಬಾರ್‌ಬೆಲ್

ಬಿಂದುಮಾಧವರಾಯರು ಕೋಣೆಯನ್ನು ಅಳೆಯದೆ ಬಾರ್‌ಬೆಲ್ ಕೊಂಡರೆಂದು ಯಾರೂ ಹೇಳುವಂತಿರಲಿಲ್ಲ. ಗೋಡೆಯಿಂದ ಗೋಡೆಗೆ ಎಂಟು ಅಡಿ. ಸರಳು ಏಳು ಅಡಿ ಎರಡು ಅಂಗುಲ. ಹತ್ತು ಅಂಗುಲ ಉಳಿಯಿತು. ಅವರು ಮರೆತದ್ದು ಒಂದೇ ಸಂಗತಿ: ತೂಕದ ಗಾಲಿಗಳನ್ನು ಸರಳಿನ ತುದಿಯಿಂದ ತೂರಿಸಬೇಕು. ಎಡತುದಿಗೆ ಗಾಲಿ ಹಾಕಬೇಕಾದರೆ ಸರಳನ್ನು ಬಲಕ್ಕೆ ಸರಿಸಬೇಕು. ಬಲಕ್ಕೆ ಗೋಡೆ. ಗೋಡೆಯ ಆಚೆ ಸಾವಂತ್ರವ್ವ.

ಖಾನಾಪುರದ ಆ ಸಾಲಿನಲ್ಲಿ ಆರು ಮನೆ, ಆರಕ್ಕೂ ಸೇರಿ ಅಂಗಳದಲ್ಲಿ ಒಂದು ನಳ. ಒಂದು ಮನೆಯಲ್ಲಿ ಸೀನಿದರೆ ಇನ್ನೊಂದರಲ್ಲಿ ಶತಾಯುಷಿ ಎನ್ನುವಷ್ಟು ತೆಳುವಾದ ಗೋಡೆಗಳು. ಐವತ್ತು ದಾಟಿದವರು ಭಾರ ಎತ್ತದಿದ್ದರೆ ಎಲುಬು ಸವೆಯುತ್ತವೆ ಎಂದು ಡಾಕ್ಟರು ಹೇಳಿದ ಮೇಲೆ, ಪತ್ತಿನ ಸಂಘದ ಗುಮಾಸ್ತರಾದ ರಾಯರು ಮೂರು ತಿಂಗಳಿಂದ ದಿನಾ ಬೆಳಗಿನ ಐದೂಕಾಲಿಗೆ ತಾಲೀಮಿಗೆ ನಿಲ್ಲುತ್ತಿದ್ದರು. ಗಾಲಿ ಹಾಕುವಾಗ ಎರಡು ಬಡಿತ, ತೆಗೆಯುವಾಗ ಎರಡು.

ಆ ಶನಿವಾರ ಸಾಲಿನ ಕೊನೆಯ ಮನೆಯಲ್ಲೇ ಇರುವ ಮಾಲಕ ಗುರುಪುತ್ರಪ್ಪನವರು ಸಾವಂತ್ರವ್ವನನ್ನು ಮುಂದಿಟ್ಟುಕೊಂಡು ಬಂದರು.

"ಗೋಡಿ ಮ್ಯಾಗಿನ ಬಸವಣ್ಣನ ಫೋಟೋ ದಿನಾ ಸೊಟ್ಟ ಆಗತೈತ್ರಿ," ಎಂದಳು ಸಾವಂತ್ರವ್ವ. "ಮುಂಜಾನೆದ್ದು ಅದನ್ನ ನೆಟ್ಟಗ ಮಾಡೂದ ನನಗ ಪೂಜಿ ಆಗೇತಿ."

"ರಾಯರ, ಇಂದಿನಿಂದ ಈ ಸಪ್ಪಳ ನಿಲ್ಲಬೇಕು," ಎಂದರು ಗುರುಪುತ್ರಪ್ಪ. "ಇಲ್ಲಂದ್ರ ಮನಿ ಖಾಲಿ ಮಾಡ್ರಿ."

ಈ ಬಾಡಿಗೆಗೆ ಇನ್ನೊಂದು ಮನೆ ಸಿಗುವುದಿಲ್ಲವೆಂಬುದು ರಾಯರಿಗೂ ಮಾಲಕರಿಗೂ ಗೊತ್ತಿತ್ತು.

"ಸಣ್ಣದು ತರ್ರಿ," ಎಂದರು ಹೆಂಡತಿ ಶುಭದಾ. "ದೊಡ್ಡದನ್ನ ಎತ್ತೋದರಾಗ ಏನು ದೊಡ್ಡಸ್ತಿಕಿ ಅದ?"

ಸರಳಿನ ತೂಕ ಇಪ್ಪತ್ತು ಕಿಲೊ. ಶಹರದಲ್ಲಿ ಕೊಂಡ ಅಂಗಡಿಯಲ್ಲೇ ಬದಲಿಸಲೆಂದು ಅದನ್ನು ಹೆಗಲಿಗೇರಿಸಿ ಬಸ್ ನಿಲ್ದಾಣ ತಲುಪುವಷ್ಟರಲ್ಲಿ ರಾಯರ ಅಂದಿನ ತಾಲೀಮು ಮುಗಿದಿತ್ತು. ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿದ. "ಇದು ಒಳಗ ಬಂದ್ರ ನಮ್ಮ ಡ್ರೈವರ್ ಹೊರಗ ಕುಂದರಬೇಕಾಗತೈತ್ರಿ."

ಕೊನೆಗೆ ರೈಲು. ಸರಳನ್ನು ಸೀಟುಗಳ ಕೆಳಗೆ ಉದ್ದಕ್ಕೆ ಮಲಗಿಸಿದರು. ದೇಸೂರಿನಲ್ಲಿ ಹತ್ತಿದ ಸತ್ಯಪ್ಪ ಎಂಬ ರೈತ ಅದನ್ನು ಎಡವಿ, ಎದುರಿಗೇ ಕುಳಿತು ವಿಚಾರಣೆಗೆ ತೊಡಗಿದ.

"ಬೋರಿಗೇನ್ರಿ ಇದು?"

"ಅಲ್ಲ. ಎತ್ತಲಿಕ್ಕೆ."

"ಎತ್ತಿ ಎಲ್ಲಿ ಇಡತೀರಿ?"

"ಇದ್ದಲ್ಲೇ ಇಡತೀನಿ."

ಸತ್ಯಪ್ಪ ಮುಂದಕ್ಕೆ ಬಾಗಿದ. ಆಮೇಲೆ ಬಹಳ ಮೆತ್ತಗೆ ಕೇಳಿದ: "ಮನ್ಯಾಗ ಎಲ್ಲಾರೂ ಆರಾಮ ಅದಾರಲ್ರಿ?"

ಶಹರದ ರವಿವಾರ ಪೇಟೆ ಎಂಬ ಬೀದಿಯಲ್ಲಿ ಸರಳು ಹೊತ್ತು ನಡೆಯುವುದೆಂದರೆ ತುಂಬಿದ ಪಂಕ್ತಿಯ ನಡುವೆ ಆನೆಯನ್ನು ತಿರುಗಿಸಿದಂತೆ. ರಾಯರು "ದಾರಿ, ದಾರಿ" ಎಂದು ಮುಂದಿನವರನ್ನು ನೋಡಿದರೆ ಹಿಂದಿನ ತುದಿ ಬೆಲ್ಲದಂಗಡಿಯ ತಕ್ಕಡಿಗೆ ತಾಗಿತು. ಕ್ಷಮೆ ಕೇಳಲು ತಿರುಗಿದರೆ ಮುಂದಿನ ತುದಿ ಮೆಣಸಿನಕಾಯಿ ಚೀಲಕ್ಕೆ ಚುಚ್ಚಿತು. ಅವರಿಗೆ ಸೀನು ಬರುತ್ತಿದ್ದರೂ ಸೀನುವ ಧೈರ್ಯವಾಗಲಿಲ್ಲ. ಬೆನ್ನ ಮೇಲೆ ಅಕ್ಕಿ ಮೂಟೆ ಹೊತ್ತ ಹಮಾಲ ಕರೆಪ್ಪ ಹಾಗೇ ನಿಂತು ಕೇಳಿದ: "ಇದನ್ನ ಎತ್ತಾಕ ನಿಮಗ ಎಷ್ಟು ಕೊಡತಾರ್ರಿ?"

"ಯಾರೂ ಕೊಡೂದಿಲ್ಲಪ್ಪ. ನಾನ ಕೊಟ್ಟು ಕೊಂಡೀನಿ."

"ಅಯ್ಯ, ನನಗ ಹೇಳಿದ್ರ ಪುಕ್ಕಟ ಎತ್ತಸತಿದ್ದೆ!"

ಅಂಗಡಿಯ ಅಭಿಜಿತ ತಾಳ್ಮೆಯ ಮನುಷ್ಯ. "ಕಾಕಾ, ನಾಲ್ಕ ಫೂಟಿಂದು ಬ್ಯಾಡ, ಕೈ ಗಾಲಿಗೆ ತಾಗತಾವ. ಆರ ಫೂಟಿಂದು ತಗೊಂಡ್ರ ಮತ್ತ ಗ್ವಾಡಿ. ಐದ ಫೂಟಿಂದ ಬರೋಬರಿ. ಆದ್ರ ತುದಿ ನೋಡ್ರಿ. ಕೆಲವಕ್ಕ ಒಂದ ಇಂಚಿನ ತುದಿ ಇರತೈತಿ. ನಿಮ್ಮ ಗಾಲಿ ತೂತು ಎರಡ ಇಂಚು. ಕಡ್ಡಿಗೆ ಬಳಿ ಹಾಕಿದಂಗ ಆಗತೈತಿ."

ರಾಯರು ಎರಡು ಅಂಗುಲ ತುದಿಯ ಐದು ಅಡಿ ಸರಳನ್ನೇ ಆರಿಸಿ ಮೂರು ಸಲ ಅಳೆದರು. ಎಂಟರಲ್ಲಿ ಐದು ಹೋದರೆ ಮೂರು. ಎರಡೂ ಬದಿಗೆ ಒಂದೂವರೆ ಅಡಿ.

"ಒಮ್ಮೆ ಬದಲಿ ಮಾಡಿದ್ದನ್ನ ಮತ್ತ ಬದಲಿ ಮಾಡಂಗಿಲ್ಲ, ಕಾಕಾ," ಎಂದ ಅಭಿಜಿತ.

"ಇನ್ನ ಬದಲಿ ಬೇಕಾಗೂದ ಇಲ್ಲ," ಎಂದರು ರಾಯರು. ಇಡೀ ದಿನದಲ್ಲಿ ಅವರು ಗಟ್ಟಿಯಾಗಿ ಆಡಿದ ಮಾತು ಅದೊಂದೇ.

ಮರುದಿನ ಐದೂಕಾಲಿಗೆ ಎಡಕ್ಕೊಂದು ಗಾಲಿ ಹೋಯಿತು, ಬಲಕ್ಕೊಂದು ಹೋಯಿತು. ಒಂದು ಸಪ್ಪಳವಿಲ್ಲ. ಮೂರು ತಿಂಗಳಲ್ಲಿ ಮೊದಲ ಬಾರಿ ರಾಯರು ಕಳ್ಳನಂತಲ್ಲದೆ ಮನೆಯ ಯಜಮಾನನಂತೆ ಭಾರ ಎತ್ತಿದರು. ಶುಭದಾ ತುಂಬಿದ ಕೊಡ ಹಿಡಿದು ಒಳಗೆ ಬಂದರು. "ಇವತ್ತು ನಳಕ್ಕ ಸರದೀನ ಇಲ್ಲರೀ! ಹಂಡೆ, ಬಕೀಟು, ಚರಗಿ ಸುದ್ಧಾ ತುಂಬಿದೆ."

ಏಳು ಗಂಟೆಗೆ ಬಾಗಿಲು ಬಡಿಯಿತು. ಸಾಲಿನ ಐದೂ ಮನೆಯವರು ಖಾಲಿ ಕೊಡಗಳೊಂದಿಗೆ ನಿಂತಿದ್ದರು. ಮುಂದೆ ಗುರುಪುತ್ರಪ್ಪ, ನಿನ್ನೆ ಉಳಿದ ನೀರು ಸ್ನಾನದ ನಡುವೆಯೇ ಮುಗಿದು ತಲೆಯ ತುಂಬ ಒಣಗಿದ ಸಾಬೂನಿನ ನೊರೆ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವರಂತೆ.

"ಏನ್ರಿ ರಾಯರ, ಇವತ್ತ ಯಾಕ ಬಡೀಲಿಲ್ಲ?"

"ನೀವ ಸಪ್ಪಳ ಬ್ಯಾಡ ಅಂದ್ರಲ್ಲ!"

"ಸಪ್ಪಳ ಬ್ಯಾಡ ಅಂದೆ. ಎಬ್ಬಿಸೂದು ಬ್ಯಾಡ ಅಂದಿದ್ನೇನು? ಐದೂವರಿಗೆ ನೀರು ಬಂತು, ಆರಕ್ಕ ಹೋತು. ಒಬ್ಬರಿಗೂ ಎಚ್ಚರಿಲ್ಲ!"

"ತಾವಷ್ಟ ಹಂಡೆ ತುಂಬಕೊಂಡಾರ ನೋಡ್ರಿ," ಎಂದು ಸಾವಂತ್ರವ್ವ ಒಳಗೆ ಇಣುಕಿದಳು. "ಅದಕ್ಕ ಸಣ್ಣದು ತಂದಾರ!"

ರಾಯರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ. "ಫೋನಿನಾಗ ಅಲಾರಮ್ ಇಟ್ಕೋಬಾರದೇನ್ರಿ?"

"ಅದನ್ನ ಬಂದ್ ಮಾಡಿ ಮತ್ತ ಮಲಗತೀವ್ರಿ. ನಿಮ್ಮನ್ನ ಹೆಂಗ ಬಂದ್ ಮಾಡೂದು?" ಎಂದರು ಗುರುಪುತ್ರಪ್ಪ.

ತೀರ್ಮಾನ ಅಲ್ಲೇ ಆಯಿತು. ದಿನಾ ಐದೂಕಾಲಿಗೆ ಎಡಗೋಡೆಗೆ ನಾಲ್ಕು ಬಡಿತ, ಬಲಗೋಡೆಗೆ ನಾಲ್ಕು. ಒಪ್ಪದಿದ್ದರೆ ಮನೆ ಖಾಲಿ. ಪರೀಕ್ಷೆಗೆಂದು ಎಲ್ಲರೂ ತಮ್ಮ ತಮ್ಮ ಮನೆಗೆ ಹೋಗಿ ಕಿವಿಗೊಟ್ಟರು. ರಾಯರು ಐದಡಿಯ ಸರಳನ್ನು ಎತ್ತಿಕೊಂಡು ಒಂದೂವರೆ ಅಡಿ ನಡೆದು ಎಡಗೋಡೆಗೆ ಬಡಿದರು. ತಿರುಗಿ ಮೂರಡಿ ನಡೆದು ಬಲಗೋಡೆಗೆ ಬಡಿದರು.

ಕೊನೆಯ ಮನೆಯಿಂದ ಗುರುಪುತ್ರಪ್ಪನವರ ದನಿ ಬಂತು: "ಕೇಳಸವಲ್ತು! ಆ ಉದ್ದಂದ ಛಲೋ ಇತ್ತು ನೋಡ್ರಿ. ಜೋರಾಗಿ ಹಾಕ್ರಿ!"

ಹನ್ನೆರಡನೆಯ ಬಡಿತಕ್ಕೆ ರಾಯರು ಸರಳಿಗೆ ಆತು ನಿಂತರು. ಉಸಿರು ಸಿಕ್ಕಷ್ಟರಲ್ಲಿ ಗೋಡೆಗೇ ಮುಖ ಮಾಡಿ ಕೇಳಿದರು: "ಸಾವಂತ್ರವ್ವಾ, ಐತವಾರ ಒಂದು ದಿನ ಸೂಟಿ ಕೊಡ್ರಿ."

ಆಚೆ ಬಸವಣ್ಣನ ಫೋಟೋ ನೆಟ್ಟಗೆ ಮಾಡುತ್ತ ಸಾವಂತ್ರವ್ವ ಅಂದಳು: "ನಳಕ್ಕ ಸೂಟಿ ಐತೇನ್ರಿ?"