ನನ್ನ ಸಾರಿಗಳ ಕಡತ

ತಪ್ಪು ಮಾಡಿ ಕ್ಷಮೆ ಕೇಳುವವರಿದ್ದಾರೆ, ಮಾಡಿಯೂ ಕೇಳದವರಿದ್ದಾರೆ. ನಾನು ಮೂರನೆಯ ಜಾತಿ: ತಪ್ಪು ಯಾರದೇ ಇರಲಿ, ಮೊದಲು ‘ಸಾರಿ’ ಅಂದುಬಿಡುವವನು. ಲಿಫ್ಟಿನಲ್ಲಿ ನನ್ನ ಕಾಲು ತುಳಿದವರಿಗೂ ನಾನೇ ಸಾರಿ ಹೇಳುತ್ತೇನೆ. ಕುವೈತಿನಲ್ಲಿ ಹದಿನೆಂಟು ವರ್ಷ ಈ ಒಂದು ಮಾತಿನ ಬಲದಿಂದಲೇ ಬಾಳಿದೆ ಎಂದುಕೊಂಡಿದ್ದೆ. ಕೊನೆಗೆ ಅದೇ ನನ್ನ ಕುತ್ತಿಗೆಗೆ ಬಂತು.

ಶುವೈಖಿನ ಗೋದಾಮೊಂದರಲ್ಲಿ ನಾನು ಸ್ಟೋರ್ ಕೀಪರ್. ಬೇಸಿಗೆಯಲ್ಲಿ ಎ.ಸಿ. ಕೆಟ್ಟು ಒಂದು ಕೋಣೆಯ ಅಂಟಿನ ಡಬ್ಬಿಗಳೆಲ್ಲ ಉಬ್ಬಿ ಹಾಳಾದವು. ಕಂಪನಿ ನನ್ನ ನಿರ್ಲಕ್ಷ್ಯವೇ ಕಾರಣವೆಂದು ಕೆಲಸದಿಂದ ತೆಗೆಯಿತು. ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಹೋದರೆ ಮಗಳ ಹತ್ತನೇ ತರಗತಿಯ ನಡುವೆಯೇ ಗಂಟುಮೂಟೆ ಕಟ್ಟಬೇಕು. ಆದರೂ ಅದಕ್ಕಿಂತ ಹೆಚ್ಚು ಸುಟ್ಟದ್ದು ‘ನಿರ್ಲಕ್ಷ್ಯ’ ಎಂಬ ಮಾತು. ದಾವೆ ಹೂಡಿದೆ. ವಿಚಾರಣೆ ಶುರುವಾಗುವ ಮೊದಲು ಕಂಪನಿ ಸಲ್ಲಿಸಿದ ಉತ್ತರದಲ್ಲಿ, ‘ತಪ್ಪನ್ನು ಆತನೇ ಒಪ್ಪಿಕೊಂಡಿದ್ದಾನೆ’ ಎಂದಿತ್ತು. ಜೊತೆಗೆ ಮ್ಯಾನೇಜರಿಗೆ ನಾನು ಕಳಿಸಿದ್ದ ಹನ್ನೆರಡು ವಾಟ್ಸಾಪ್ ಸಂದೇಶ. ಹನ್ನೆರಡರಲ್ಲೂ ಒಂದೇ ಮಾತು: ‘ಸಾರಿ ಸರ್, ನನ್ನದೇ ತಪ್ಪು.’

ನಗರದ ಶರ್ಕ್ ಬಡಾವಣೆಯಲ್ಲಿ ಕಚೇರಿಯಿದ್ದ ನನ್ನ ವಕೀಲರ ಗುಮಾಸ್ತರು ಮಂಗಳೂರು ಕಡೆಯ ರಮೇಶಣ್ಣ. “ಅವರು ಬೇಕಾದಷ್ಟೇ ಕತ್ತರಿಸಿ ಹಾಕಿದ್ದು ಮಾರಾಯ್ರೇ. ನೀವು ಪೂರ್ತಿ ಚಾಟ್ ಕೊಡಿ,” ಎಂದರು. ನಾನು ಕೈ ಹಿಸುಕಿಕೊಂಡೆ. ಮ್ಯಾನೇಜರ ಬೊಕ್ಕತಲೆಗೆ ‘ಹೊಸ ಸ್ಟೈಲ್ ಒಪ್ಪುತ್ತದೆ ಸರ್’ ಎಂದು ಬರೆದದ್ದೂ ಅದರಲ್ಲಿತ್ತು. “ನಾಚಿಕೆ ಮಾಡಿಕೊಂಡರೆ ಕೇಸು ಖಲಾಸ್,” ಎಂದರು. ಕೊಟ್ಟೆ.

ಓದುತ್ತಾ ಹೋದಂತೆ ರಮೇಶಣ್ಣನ ಮುಖ ಅರಳಿತು. ನಾನು ಧೂಳಿನ ಗಾಳಿ ಬೀಸಿದ್ದಕ್ಕೆ ಸಾರಿ ಹೇಳಿದ್ದೆ, ಮ್ಯಾನೇಜರು ಮರೆತ ಅವರದೇ ಕೀಲಿಗೂ ಹೇಳಿದ್ದೆ. ಡಬ್ಬಿಗಳು ಹಾಳಾಗುವುದಕ್ಕೆ ಒಂದು ವಾರ ಮೊದಲಿನ ಸಂದೇಶ ಹೀಗಿತ್ತು: ‘ಸಾರಿ ಸರ್, ನನ್ನದೇ ತಪ್ಪು, ನಿನ್ನೆಯೇ ಮತ್ತೆ ನೆನಪಿಸಬೇಕಿತ್ತು, ಎ.ಸಿ. ಇನ್ನೂ ರಿಪೇರಿಯಾಗಿಲ್ಲ.’ ಕಂಪನಿ ತೋರಿಸಿದ್ದು ಮೊದಲ ನಾಲ್ಕು ಪದ ಮಾತ್ರ. ನನಗೆ ಸಂತೋಷಕ್ಕಿಂತ ನನ್ನ ಮೇಲೆ ಮರುಕವೇ ಹೆಚ್ಚಾಯಿತು. ಎಚ್ಚರಿಸುವಾಗಲೂ ಅಪರಾಧಿಯಂತೆ ನಿಂತವನನ್ನು ಬೇರೆಯವರು ಅಪರಾಧಿ ಎಂದರೆ ಅವರನ್ನಷ್ಟೇ ದೂರಿ ಏನು ಫಲ?

ವಕೀಲರು ಹೊಸ ಹೇಳಿಕೆ ಸಿದ್ಧಪಡಿಸಿದರು. ‘ಈತನ ಸಾರಿ ತಪ್ಪೊಪ್ಪಿಗೆಯಲ್ಲ, ಬರೀ ಅಭ್ಯಾಸಬಲ, ಅದಕ್ಕೆ ಯಾವ ಅರ್ಥವೂ ಇಲ್ಲ.’ ಮನೆಗೆ ಬಂದು ಹೆಂಡತಿಗೆ ಅದನ್ನು ಉತ್ಸಾಹದಿಂದ ಓದಿ ಹೇಳಿದೆ. ಗದಗಿನ ಹೆಣ್ಣುಮಗಳು, ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು.

“ಅಲ್ರೀ, ಹಂಗಾದ್ರ ಇಷ್ಟ್ ವರ್ಷ ನನಗ ಸಾರಿ ಅಂದಿದ್ದು?”

ಆಗ ನನ್ನ ಬಾಯಿಂದ ತಟ್ಟನೆ ಬಂದ ಉತ್ತರವನ್ನು ಇಲ್ಲಿ ಬರೆಯಲಾರೆ. ಕೇಸು ಇನ್ನೂ ನಡೆಯುತ್ತಿದೆ.